ರಾಶಿಯ ಮೇಲೆ ಕುಳಿತವರಿಗೆ ಫೋನು ಮಾಡಬಾರದೆಂದು ಕೋರಿ

ಇಂದ,
ರೇವಣ ತಂದೆ ಖಂಡೆಪ್ಪ,
ವಯಸ್ಸು: ಐವತ್ತೊಂದು, ಉದ್ಯೋಗ: ಒಕ್ಕಲುತನ,
ಕಾರ್ಯದರ್ಶಿ, ರಾಶಿ ಮಷಿನ್ ಬಳಕೆದಾರರ ಸಂಘ,
ಸಾ॥ ಕಮಲಾಪುರ, ಜಿ॥ ಕಲಬುರಗಿ.

ಗೆ,
ಮುಖ್ಯ ಅಧಿಕಾರಿಗಳು,
ಅಂತರ್ಜಾಲದ ಹೆಸರುಗಳನ್ನು ವರ್ಷದ ಲೆಕ್ಕದಲ್ಲಿ ಕೊಟ್ಟು, ವರ್ಷದ ಲೆಕ್ಕದಲ್ಲೇ ಹಿಂದಕ್ಕೆ ತೆಗೆದುಕೊಳ್ಳುವ ಕಂಪನಿ.
(ತಮ್ಮ ಊರು ಯಾವುದೆಂದು ತಮ್ಮ ಯಾವ ಪತ್ರದಲ್ಲೂ ಇಲ್ಲವಾದ ಕಾರಣ ಮುಂದಿನ ಸಾಲು ಖಾಲಿ ಬಿಡಲಾಗಿದೆ.)

ವಿಷಯ: ನಮ್ಮ ತಂದೆಯವರು ಮಾತಾಡಲಿಲ್ಲವೆಂದು ತಾವು ನಮ್ಮ ಸಂಘದ ವೆಬ್‌ಸೈಟು ನಿಲ್ಲಿಸಿದ್ದು, ಆಮೇಲೆ ಅವರು ಮಾತಾಡಿದ್ದರಿಂದ ನಮ್ಮ ಮನೆಯ ಮೇಲೆ ಬಂದ ಒಂದು ಚೀಲ ತೊಗರಿಯ ಸಾಲ, ಹಾಗೂ ಆ ಸಾಲ ತೀರಿಸಲು ತಮ್ಮ ಒಬ್ಬ ಸಿಬ್ಬಂದಿಯನ್ನು ಕಳಿಸಿಕೊಡುವ ಬಗ್ಗೆ.

ಉಲ್ಲೇಖ: 1) ತಮ್ಮ ಮೊದಲ ಫೋನು, ನಮ್ಮ ತಂದೆಯವರು ಮರೆಪ್ಪನ ರಾಶಿಯ ಮೇಲೆ ಇದ್ದಾಗ.
2) ತಮ್ಮ ಎರಡನೇ ಫೋನು, ನಾನು ನಮ್ಮ ತಂದೆಯಾಗಿದ್ದಾಗ.
3) ತಮ್ಮ ಇಂಗ್ಲಿಷ್ ಪತ್ರ, ನನ್ನ ಮಗಳು ಓದಿ ಹೇಳಿದ್ದು.
4) ತಮ್ಮ ಮೂರನೇ ಹಾಗೂ ಕೊನೆಯ ಫೋನು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಎಳ್ಳ ಅಮಾವಾಸ್ಯೆ ಕಳೆದು, ಚಳಿ ಇನ್ನೂ ಬಿಡದೆ, ಬಿಳಿಜೋಳ ತೆನೆ ಕಟ್ಟುತ್ತಿರುವ ಈ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ತೊಗರಿಯ ರಾಶಿ ನಡೆದಿದೆ. ಈ ಅರ್ಜಿ ಬರೆಯುತ್ತಿರುವಾಗಲೂ ಹಿತ್ತಲಾಚೆಯ ಹೊಲದಲ್ಲಿ ಮಷಿನ್ ತಿರುಗುತ್ತಿದ್ದು, ಹೊಟ್ಟು ಹಾರಿ ಬಂದು ಕಾಗದದ ಮೇಲೆ ಕೂಡುತ್ತಿದೆ. ಅಕ್ಷರಗಳ ನಡುವೆ ಬೇಡದ ಚುಕ್ಕೆಗಳು ಕಂಡಲ್ಲಿ ಊದಿ ಓದಿಕೊಳ್ಳಬೇಕಾಗಿ ವಿನಂತಿ.

1. ನಮ್ಮೂರಿನ ಒಕ್ಕಲಿನವರು ಕೂಡಿ ಒಂದು ರಾಶಿ ಮಷಿನ್ ತಂದಿರುತ್ತೇವೆ. ಕೊಯ್ದು ಒಟ್ಟಿದ ತೊಗರಿ ಗಿಡವನ್ನು ಅದರ ಬಾಯಿಗೆ ಕೊಟ್ಟರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುತ್ತದೆ. ಅದು ಯಾರ ಹೊಲಕ್ಕೆ ಮೊದಲು, ಯಾರ ಹೊಲಕ್ಕೆ ಆಮೇಲೆ ಎಂಬ ಪಾಳಿಯನ್ನು ಹಿಂದೆ ಸಮುದಾಯ ಭವನದ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದೆವು. ಆ ಗೋಡೆ ಒಂದು ದಿನವೂ ಬಂದ್ ಆಗಿರಲಿಲ್ಲ. ಹೀಗಿರುವಾಗ ಹೋದ ವರ್ಷ ಸಂಘದ ಅಧ್ಯಕ್ಷೆ ಲಲಿತಾಬಾಯಿಯವರು, “ಮಂದಿ ಎಲ್ಲಿಗಿ ಹೋಗ್ಯಾರ, ನಾವಿನ್ನಾ ಗ್ವಾಡಿ ಮುಂದ ಕುತ್ತಿಗಿ ಎತ್ತಿ ನಿಂತೀವಿ,” ಎಂದು ಸಭೆಯಲ್ಲಿ ಪ್ರಸ್ತಾಪಿಸಿದ ಕಾರಣ, ಪಾಳಿಯನ್ನು ಮೊಬೈಲಿನಲ್ಲೇ ನೋಡುವಂತೆ ವೆಬ್‌ಸೈಟು ಮಾಡಿಸಲು ಠರಾವಾಯಿತು. ಸೈಟು ಚಾಲೂ ಆದ ದಿನ ಗೋಡೆಗೆ ಸುಣ್ಣ ಬಳಿದು, ಅದೇ ಗೋಡೆಯ ಮೇಲೆ ಸೈಟಿನ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಬರೆಸಲಾಯಿತು. ಆದ್ದರಿಂದ ಸೈಟು ನಿಂತ ದಿನ ನಮಗೆ ಓದಲು ಉಳಿದದ್ದು ಆ ಹೆಸರೊಂದೇ.

2. ಸದರಿ ಹೆಸರನ್ನು ಕಲಬುರಗಿಯಲ್ಲಿ ಕೋಟೆಯ ಕಂದಕದ ಎದುರಿಗೆ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗುಫ್ರಾನ್ ಎಂಬುವರ ಮೂಲಕ ತಮ್ಮಲ್ಲಿ ನೋಂದಾಯಿಸಲಾಯಿತು. ನಾನು, ಲಲಿತಾಬಾಯಿ ಹಾಗೂ ನಮ್ಮ ತಂದೆಯವರು ಒಂದು ಗೊನೆ ಕೆಂಪು ಬಾಳೆಹಣ್ಣಿನೊಂದಿಗೆ ಹೋಗಿದ್ದೆವು. ನಮ್ಮ ತಂದೆಯವರು ಯಾಕೆ ಎಂದು ತಾವು ಕೇಳಬಹುದು. ನಮ್ಮೂರಲ್ಲಿ ಹೊಸ ಬಾವಿಗೆ ಮೊದಲ ಗುದ್ದಲಿ, ಬಿತ್ತನೆಗೆ ಮೊದಲ ಮುಷ್ಟಿ, ಹೊಸ ಎತ್ತಿಗೆ ಮೊದಲ ಹಗ್ಗ ಅವರದು. ಅವರ ಕೈಗುಣ ಒಳ್ಳೆಯದೆಂದು ಊರಿನ ನಂಬಿಕೆ ಇರುತ್ತದೆ.

“ಮಾಲಿಕ್ ಅಂತ ಯಾರ ಹೆಸರು ಹಾಕ್ಲಿರಿ?” ಎಂದು ಗುಫ್ರಾನ್ ಕೇಳಿದರು.

“ಮುತ್ಯಾಂದೇ ಹಾಕ್ರಿ. ಫೋನ್ ನಂಬರ್ ಸುದ್ದಾ ಮುತ್ಯಾಂದೇ,” ಎಂದರು ಲಲಿತಾಬಾಯಿ, ಊರಿಗೆಲ್ಲ ಮುತ್ಯಾ ಆಗಿರುವ ನಮ್ಮ ತಂದೆಯವರತ್ತ ಕೈ ಮಾಡಿ.

“ಕಾರ್ಯದರ್ಶಿ ಸಾಹೇಬರದು ಹಾಕಿದ್ರ ಚೊಲೋ ಇತ್ರಿ. ಮುಂದ ತಕಲೀಫ್ ಆಗ್ತದ.”

“ರೇವಣಪ್ಪನ ಕೈಲೆ ಪೂಜಿ ಮಾಡಿಸಿದ ಬೋರು ನೋಡೀರೇನು?”

ಆ ಬೋರಿನ ವಿವರ ಈ ಅರ್ಜಿಗೆ ಸಂಬಂಧಪಟ್ಟಿರುವುದಿಲ್ಲ. ಒಟ್ಟಿನಲ್ಲಿ ನಮ್ಮ ತಂದೆಯವರ ಹೆಸರು ಮತ್ತು ನಂಬರು ದಾಖಲಾದವು. ಆಮೇಲೆ ಕಂಪ್ಯೂಟರು ಗುರುತಿಗಾಗಿ ಒಂದು ಪ್ರಶ್ನೆ ಕೇಳಿತು: ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು? ನಮ್ಮ ತಂದೆಯವರು ಬಾಗಿ ಗುಫ್ರಾನರ ಕಿವಿಯಲ್ಲಿ ಹೇಳಿದರು. ಅವರು ಅದನ್ನು ಒತ್ತಿ, “ಮುತ್ಯಾ, ಇದು ಯಾರಿಗೂ ಹೇಳಂಗಿಲ್ಲ ನೋಡ್ರಿ. ಮಗ ಕೇಳಿದ್ರೂ,” ಎಂದು ತಾಕೀತು ಮಾಡಿದರು.

“ಮಗ ಕೇಳಿದ್ರ ಮೊದಲೇ ಹೇಳಂಗಿಲ್ಲ,” ಎಂದರು ನಮ್ಮ ತಂದೆಯವರು.

ನೋಂದಣಿಗೆ ಒಳ್ಳೆಯ ದಿನವೆಂದು ರಾಶಿ ಶುರುವಾಗುವ ದಿನವನ್ನೇ ಹಿಡಿದಿದ್ದೆವು. ಆದ್ದರಿಂದ ತಮ್ಮ ವರ್ಷದ ಗಡುವು ಪ್ರತಿ ಸಲ ನಮ್ಮ ರಾಶಿಯ ನಡುವೆಯೇ ಬಂದು ಬೀಳುವಂತಾಯಿತು. ಈ ತಪ್ಪನ್ನು ನಾವು ಪಂಚಾಂಗ ನೋಡಿಯೇ ಮಾಡಿರುತ್ತೇವೆ.

3. ಇಲ್ಲಿ ನಮ್ಮ ಕಡೆಯ ರೂಢಿಯೊಂದನ್ನು ತಮಗೆ ತಿಳಿಸುವುದು ಅವಶ್ಯ. ಮಷಿನ್ನು ಉದುರಿಸಿದ ಕಾಳನ್ನು ನಾವು ನೇರವಾಗಿ ಚೀಲಕ್ಕೆ ತುಂಬುವುದಿಲ್ಲ. ಕಣದಲ್ಲಿ ಗುಡ್ಡೆ ಹಾಕಿ, ಪೂಜೆ ಮಾಡಿ, ಒಬ್ಬರು ಅದರ ಮುಂದೆ ಕುಳಿತು ಸೇರಿನಿಂದ ಅಳೆದು ಹಾಕಬೇಕು. ಅಳೆಯುವವರು ಅಳೆದು ಮುಗಿಯುವ ತನಕ ಮಾತಾಡುವಂತಿಲ್ಲ. ಎಣಿಕೆ ಕೂಡ ಮನಸ್ಸಿನಲ್ಲೇ. ಅಲ್ಲೂ ಒಂದನ್ನು ಒಂದು ಎನ್ನದೆ ಲಾಭ ಎನ್ನಬೇಕು. ನಡುವೆ ಬಾಯಿ ಬಿಟ್ಟರೆ ರಾಶಿಯ ಹುಲುಸು ಹೋಗಿ ಚೀಲ ಕಡಿಮೆ ಬೀಳುತ್ತವೆ. ಊರಲ್ಲಿ ಎಲ್ಲರ ರಾಶಿಯನ್ನೂ ಅಳೆಯುವವರು ನಮ್ಮ ತಂದೆಯವರು. ಹಾಗಾಗಿ ಈ ಹಂಗಾಮಿನಲ್ಲಿ ಅವರು ಬೆಳಿಗ್ಗೆ ಬಿಸಿಲೇರಿದಾಗ ಬಾಯಿ ಮುಚ್ಚಿದರೆ ದೀಪ ಹಚ್ಚುವ ಹೊತ್ತಿಗೆ ತೆರೆಯುತ್ತಾರೆ. ತಮ್ಮ ಕಚೇರಿಯ ವೇಳೆಯೂ ಅದೇ ಆಗಿರುತ್ತದೆ.

ಇದೆಲ್ಲ ಖರೆಯೇ ಎಂದು ತಾವು ಕೇಳಬಹುದು. ತಮ್ಮ ಫೋನಿನಲ್ಲಿ “ನಿಮ್ಮ ಕರೆ ನಮಗೆ ಬಹಳ ಮುಖ್ಯ” ಎಂದು ಬರುತ್ತದೆ. ಅದು ಖರೆಯೇ ಎಂದು ನಾವು ಕೇಳಿರುವುದಿಲ್ಲ.

4. ವರ್ಷ ತುಂಬಿ ಹೆಸರನ್ನು ಮುಂದುವರಿಸುವ ಮೊದಲು ಮಾಲೀಕರೇ ಮಾತಾಡಿ ಗುರುತು ಹೇಳಬೇಕೆಂಬ ನಿಯಮದಂತೆ ತಮ್ಮ ಮೊದಲ ಫೋನು ಬಂದಾಗ ನಮ್ಮ ತಂದೆಯವರು ನಮ್ಮ ಸಂಘದ ಸದಸ್ಯ ಮರೆಪ್ಪನ ಕಣದಲ್ಲಿದ್ದರು. ಗದ್ದಲ ನಿಲ್ಲಲೆಂದು ಹಸಿರು ಗುಂಡಿ ಒತ್ತಿ ಫೋನನ್ನು ಕಾಳಿನ ಮೇಲೆ ಇಟ್ಟು ಅಳತೆ ಮುಂದುವರಿಸಿದರು. ತಮ್ಮ ದಾಖಲೆಯಲ್ಲಿ, “ಮಾಲೀಕರು ಕರೆ ಸ್ವೀಕರಿಸಿ ಉಸಿರಾಡಿರುತ್ತಾರೆ, ಹಿನ್ನೆಲೆಯಲ್ಲಿ ಮಳೆಯ ಸದ್ದು ಇರುತ್ತದೆ, ಗುರುತು ಹೇಳಿರುವುದಿಲ್ಲ,” ಎಂದಿರುವುದು ಆಮೇಲೆ ಬಂದ ತಮ್ಮ ಇಂಗ್ಲಿಷ್ ಪತ್ರದಿಂದ ತಿಳಿದುಬಂತು. ಅದು ಮಳೆಯಲ್ಲ, ತೊಗರಿ. ದಾಖಲೆ ತಿದ್ದಿಕೊಳ್ಳಬೇಕು.

ಸಂಜೆ ಕೈಕಾಲು ತೊಳೆದು ಕುಳಿತ ಮೇಲೆ ನಮ್ಮ ತಂದೆಯವರು, “ಯಾವುದೋ ಹೆಣ್ಮಗಳು ಫೋನಿನ್ಯಾಗ ಹಲೋ ಹಲೋ ಅನ್ನಲಾಕತ್ತಿದ್ಲು. ನಾ ಸೇರು ತುಂಬಿದಾಗೊಮ್ಮಿ ಹಲೋ ಅಂದ್ಲು ಪಾಪ,” ಎಂದರು.

“ಒಂದು ಮಾತು ಹೌದು ಅಂದಿದ್ರ ಮುಗೀತಿತ್ತಲ್ಲಪ್ಪಾ.”

“ಮರೆಪ್ಪನ ರಾಶಿ ಮ್ಯಾಲ ಕುಂತು ನಿನ್ನ ಕಂಪನಿ ಕೂಡ ಮಾತಾಡ್ಲೇನು?”

ತಿರುಗಿ ತಮ್ಮ ನಂಬರಿಗೆ ನಾವು ಹಚ್ಚಿದೆವು. ಪಿಟೀಲು ಕೇಳಿಬಂತು. ನನ್ನ ಹೆಂಡತಿ ರೊಟ್ಟಿ ಬಡಿದು ಮುಗಿಸುವ ತನಕ ಪಿಟೀಲು ನಡೆದಿತ್ತು. ಆಮೇಲೆ ಅದೂ ನಿಂತಿತು. ಕಾರಣ, ತಾವು ನಮ್ಮನ್ನು ಮಾತಾಡಿಸಬಹುದೇ ಹೊರತು ನಾವು ತಮ್ಮನ್ನು ಮಾತಾಡಿಸಲಾಗದು ಎಂಬ ತೀರ್ಮಾನಕ್ಕೆ ಬರಲಾಯಿತು.

5. ಎರಡನೇ ಫೋನಿನ ದಿನ ನಾನು ನಮ್ಮ ತಂದೆಯವರ ಮೊಬೈಲನ್ನು ನನ್ನ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. “ಖಂಡೆಪ್ಪ ಅವರಾ?” ಎಂದು ತಮ್ಮ ಸಿಬ್ಬಂದಿ ಕೇಳಿದರು. ನಾನು ಸ್ವಲ್ಪ ಕೆಮ್ಮಿ ಹೌದೆಂದೆ.

“ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರು ಹೇಳಿ ಸರ್.”

ಕೊಟ್ಟಿಗೆಯಲ್ಲಿರುವ ಎತ್ತುಗಳ ಹೆಸರು ಹೇಳಿದೆ. ಅಲ್ಲ ಎಂದರು. ನಾಯಿಯ ಹೆಸರು ಹೇಳಿದೆ. “ಸರ್, ನೀವು ಊಹೆ ಮಾಡ್ತಾ ಇದೀರಿ,” ಎಂದರು. ಅವರ ಆಪಾದನೆಯಲ್ಲಿ ಹುರುಳಿತ್ತು. ಅದೇ ಮಧ್ಯಾಹ್ನ ಸೈಟು ನಿಂತಿತು.

ಅಂದು ಸಂಜೆ ನಮ್ಮ ತಂದೆಯವರನ್ನು ಕೇಳಿದೆ.

“ಅಪ್ಪಾ, ನೀ ಮೊದಲ ಸಾಕಿದ ದನದ ಹೆಸರೇನು?”

“ಗುಫ್ರಾನ್ ಯಾರಿಗೂ ಹೇಳಬ್ಯಾಡ ಅಂದಾನ.”

“ನಾ ನಿನ್ನ ಮಗ ಅದೀನಿ.”

“ನಿನ್ನ ಮಾತು ತೆಗೆದೇ ಹೇಳ್ಯಾನ.”

ಗುಫ್ರಾನರಿಗೆ ಫೋನು ಹಚ್ಚಿದರೆ, “ನಾನೇ ಬರ್ದಿದ್ದು ಖರೇರಿ ಸಾಹೇಬ್ರ. ಬಾಳಿಹಣ್ಣು ನೆನಪವ, ಹೆಸರು ನೆನಪಿಲ್ಲ. ಈಗ ತೆಗೆದು ನೋಡಿದ್ರ ಬರೇ ಚುಕ್ಕಿ ಚುಕ್ಕಿ ಕಾಣ್ತಾವ,” ಎಂದರು.

6. ಸೈಟು ನಿಂತ ಮೇಲೆ ಅಲ್ಲಿ ಪಾಳಿಯ ಬದಲು, “ಈ ಹೆಸರು ಮಾರಾಟಕ್ಕಿರಬಹುದು,” ಎಂಬ ಫಲಕ ಕಾಣಿಸತೊಡಗಿತು. ಮರೆಪ್ಪ ಓಡುತ್ತ ಬಂದು, “ರೇವಣಣ್ಣ, ಮುತ್ಯಾನ ಹೆಸರು ಮಾರಾಟಕ್ಕ ಇಟ್ಟೀರಂತಲ್ಲ,” ಎಂದು ನಾಲ್ಕು ಮಂದಿಯ ಮುಂದೆ ಕೇಳಿದ. ಅದನ್ನು ಬಿಡೋಣ. ನಿಜವಾದ ಪೆಟ್ಟು ಬಿದ್ದದ್ದು ದುಂಡಮ್ಮನಿಗೆ.

ದುಂಡಮ್ಮ ನಮ್ಮ ಹೊಲದ ಬದುವಿಗೆ ಬದು ಹತ್ತಿದವಳು. ಗಂಡ ತೀರಿಕೊಂಡ ಮೇಲೆ ತಾನೇ ಒಕ್ಕಲುತನ ಮಾಡುವ ಹೆಣ್ಣುಮಗಳು. ಆಕೆಯ ತೊಗರಿಯೆಲ್ಲ ಕೊಯ್ದು ಹೊಲದಲ್ಲಿ ಒಟ್ಟಿತ್ತು. ಮರುದಿನ ಆಕೆಯದೇ ಪಾಳಿ ಎಂದು ನನ್ನ ಮಗಳು ಮಲ್ಲಿಕಾ ಮೊಬೈಲಿನಲ್ಲಿ ತೋರಿಸಿಯೂ ಇದ್ದಳು. ಅಷ್ಟರಲ್ಲಿ ಮೋಡ ಹಾಕಿತು. ಅಕಾಲಕ್ಕೆ ಮಳೆ ಬಂದು ತೊಯ್ದರೆ ಕಾಳು ಕಪ್ಪಾಗಿ ಮೊಳೆಯುತ್ತದೆ. ಅಂಥದ್ದನ್ನು ಅಡತಿ ಅಂಗಡಿಯಲ್ಲಿ ಯಾರೂ ಚೀಲ ಬಿಚ್ಚಿಸಿ ನೋಡುವುದಿಲ್ಲ. ವರ್ಷದ ದುಡಿಮೆ ಅಷ್ಟೂ ಆ ಒಟ್ಟಿಲಿನಲ್ಲಿತ್ತು.

ಮಷಿನ್ನನ್ನು ಸುನೀಲಕುಮಾರರು ತಮ್ಮ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೋದರು. ಇವರು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮನೆ ಮಾಡಿಕೊಂಡು, ಹೊಲಕ್ಕೆ ಕಾರಿನಲ್ಲಿ ಬಂದು ಹೋಗುವವರು. ದುಂಡಮ್ಮ ಹೋಗಿ ಅಡ್ಡ ನಿಂತಳು.

“ಪಾಳಿ ನಂದದ ಸುನೀಲಪ್ಪಾ. ಮಲ್ಲಿಕಾ ತೋರಿಸ್ಯಾಳ.”

“ಇರಬಹುದಬೇ ಆಯಿ, ನಂದೂ ಇತ್ತು. ಮೋಡ ನನ್ನ ಹೊಲದ ಮ್ಯಾಲೂ ಅದ. ಸೈಟಿನ್ಯಾಗ ನಿನ್ನ ಹೆಸರು ತೋರಸು, ಈಗಿಂದೀಗ ಕೊಂಡಿ ಬಿಚ್ಚಿ ಕೊಡ್ತೀನಿ.”

ತೋರಿಸಲು ಏನೂ ಇರಲಿಲ್ಲ. ಊರಿನ ಉಳಿದವರನ್ನು ಕೇಳಿದರೆ, ಪ್ರತಿಯೊಬ್ಬರಿಗೂ ತಮ್ಮ ತಮ್ಮ ಹೆಸರು ಮೊದಲಿದ್ದದ್ದು ಚೆನ್ನಾಗಿ ನೆನಪಿತ್ತು.

7. ತಮ್ಮ ಇಂಗ್ಲಿಷ್ ಪತ್ರದಲ್ಲಿ, ಶುಕ್ರವಾರ ಕಚೇರಿ ವೇಳೆಯಲ್ಲಿ ಕೊನೆಯದಾಗಿ ಫೋನು ಮಾಡುವುದಾಗಿಯೂ ಮಾಲೀಕರು ಮಾತಾಡದಿದ್ದಲ್ಲಿ ಹೆಸರನ್ನು ರದ್ದುಪಡಿಸುವುದಾಗಿಯೂ ತಿಳಿಸಿದ್ದಿರಿ. ಅದೇ ಶುಕ್ರವಾರ ಸುನೀಲಕುಮಾರರ ರಾಶಿ ಅಳೆಯಲು ನಮ್ಮ ತಂದೆಯವರಿಗೆ ಹೇಳಿಕೆ ಬಂದಿತ್ತು. ಹೋಗಬೇಡವೆಂದು ನಾನು ಮತ್ತು ಲಲಿತಾಬಾಯಿ ಇಬ್ಬರೂ ಹೇಳಿದೆವು.

“ಪಾಳಿ ತಪ್ಪಿಸಿ ಮಷಿನ್ ಒಯ್ದಾನ ಮುತ್ಯಾ. ಅವನ ಕಣಕ್ಕ ಹೋಗ್ತೀರೇನು?”

“ಕರೆದವರ ಕಣಕ್ಕ ಇಲ್ಲ ಅಂದಿಲ್ಲವ್ವ ಇಲ್ಲೀತನಕ. ಅಂವ ತಪ್ಪು ಮಾಡಿರಬಹುದು, ತೊಗರಿ ಏನು ಮಾಡ್ಯಾದ?”

ಹೋಗಿ ಕುಳಿತರು. ನಾವೂ ಹೋಗಿ ಕಣದ ಅಂಚಿನಲ್ಲಿ ನಿಂತೆವು. ಇನ್ನೊಂದು ಒಟ್ಟಿಲು ಬಾಕಿ ಇದ್ದುದರಿಂದ ಮಷಿನ್ನು ಇನ್ನೂ ಸುನೀಲಕುಮಾರರ ಟ್ರ್ಯಾಕ್ಟರಿಗೇ ಕಟ್ಟಿತ್ತು. ಸ್ವಲ್ಪ ಹೊತ್ತಿಗೆ ದುಂಡಮ್ಮ ಬಂದಳು. ಅಳತೆ ನಡೆದಾಗ ನಿಂತವರೂ ಮಾತಾಡುವುದಿಲ್ಲವಾದ್ದರಿಂದ ಆಕೆ ಏನೂ ಹೇಳಲಿಲ್ಲ. ತನ್ನ ಹೊಲದ ಒಂದು ಹಿಡಿ ತೊಗರಿ ಗಿಡ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಒಮ್ಮೆ ಮೋಡ, ಒಮ್ಮೆ ಮಷಿನ್ನು ನೋಡುತ್ತ ನಿಂತಳು.

ಫೋನು ಬಂತು. ನಮ್ಮ ತಂದೆಯವರು ಹಸಿರು ಗುಂಡಿ ಒತ್ತಿ ಕಾಳಿನ ಮೇಲೆ ಇಟ್ಟರು. ಅವರ ಫೋನು ಯಾವತ್ತೂ ಸ್ಪೀಕರಿನಲ್ಲೇ ಇರುವುದರಿಂದ ಇಡೀ ಕಣಕ್ಕೆ ಕೇಳಿಸಿತು.

“ಹಲೋ, ಖಂಡೆಪ್ಪ ಅವರಾ? ಸರ್, ಇದು ಕೊನೇ ಕರೆ. ಹಲೋ?”

ಒಂದು ಸೇರು ತುಂಬಿ ಚೀಲಕ್ಕೆ ಬಿತ್ತು. ಇನ್ನೊಂದು ಬಿತ್ತು.

“ಹಲೋ ಸರ್, ಕೇಳಿಸ್ತಾ ಇದೆಯಾ? ಕಟ್ ಮಾಡ್ಲಾ?”

ನಮ್ಮ ತಂದೆಯವರು ತಲೆ ಎತ್ತಿ ಸುನೀಲಕುಮಾರರನ್ನು ನೋಡಿದರು. ದುಂಡಮ್ಮನನ್ನು ನೋಡಿದರು. ತುಂಬಿದ್ದ ಸೇರನ್ನು ಚೆಲ್ಲದಂತೆ ರಾಶಿಯ ಮೇಲೆ ನಿಲ್ಲಿಸಿದರು.

“ನಾನೇ ಖಂಡೆಪ್ಪ. ಹೇಳವ್ವಾ,” ಎಂದರು.

ಸುನೀಲಕುಮಾರರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ನಲವತ್ತು ವರ್ಷದಲ್ಲಿ ಯಾರ ರಾಶಿಯ ಮೇಲೂ ನಮ್ಮ ತಂದೆಯವರ ಬಾಯಿಂದ ಮಾತು ಬಂದದ್ದಿಲ್ಲ.

“ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರು?”

“ಹಂಡ್ಯಾ.”

“ಸರಿಯಾಗಿದೆ ಸರ್. ನಿಮ್ಮ ಹೆಸರು ಒಂದು ವರ್ಷಕ್ಕೆ ಮುಂದುವರಿದಿದೆ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?”

“ಬೇಕಿತ್ತು. ರಾಶಿ ದಿನದಾಗ ಫೋನ್ ಹಚ್ಚಬ್ಯಾಡ.”

“ಓಕೆ ಸರ್. ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ?”

ನಮ್ಮ ತಂದೆಯವರು ವಿಚಾರ ಮಾಡಿ, “ಲಾಭ,” ಎಂದರು. ರಾಶಿಯ ಎಣಿಕೆಯಲ್ಲಿ ಅದು ಎಷ್ಟು ಎಂದು ಮೇಲೆ ಮೂರನೇ ಅಂಶದಲ್ಲಿ ವಿವರಿಸಲಾಗಿದೆ.

8. ನಮ್ಮ ತಂದೆಯವರು ಉಳಿದ ರಾಶಿ ಅಳೆದು ಮುಗಿಸುವಷ್ಟರಲ್ಲಿ ಸೈಟು ಜೀವ ಹಿಡಿಯಿತು. ಮಲ್ಲಿಕಾ ತೆರೆದು ತೋರಿಸಿದಳು. ಮೊದಲ ಹೆಸರು ದುಂಡಮ್ಮನದು; ಸುನೀಲಕುಮಾರರದು ಬಹಳ ಕೆಳಗಿತ್ತು. ಅವರು ಮಾತಿಗೆ ತಪ್ಪದೆ ಕೊಂಡಿ ಬಿಚ್ಚಿದರು ಎಂಬುದನ್ನು ಇಲ್ಲಿ ದಾಖಲಿಸಬೇಕು. ದುಂಡಮ್ಮನ ಹೊಲದಲ್ಲಿ ಊರಿಗೆ ಊರೇ ಗಿಡ ಎತ್ತಿ ಕೊಟ್ಟಿತು. ಅಳೆಯುವ ಹೊತ್ತಿಗೆ ನಮ್ಮ ತಂದೆಯವರು, “ಬ್ಯಾರೆ ಯಾರನ್ನರೆ ಕೂಡಸು. ನನ್ನ ಬಾಯಿ ಇವತ್ತು ಎಂಜಲಾಗ್ಯಾದ,” ಎಂದು ಹಿಂದೆ ಸರಿದರು.

“ನೀ ಮಾತಾಡ್ಕೋತನೇ ಅಳಿ ಅಣ್ಣಾ. ನನಗೇನು ಅಡ್ಡಿಲ್ಲ,” ಎಂದಳು ದುಂಡಮ್ಮ.

ಅವರು ಕುಳಿತು, ಮಾತಾಡದೆಯೇ ಅಳೆದರು. ಕೊನೆಯ ಚೀಲ ಮನೆ ಸೇರಿದ ಮೇಲೆ ಹನಿ ಬಿತ್ತು. ಹೊಟ್ಟು ತೊಯ್ದಿತು, ಅಷ್ಟೆ.

9. ಈಗ ಮುಖ್ಯ ವಿಷಯ. ಮರುದಿನ ಸುನೀಲಕುಮಾರರು ನಮ್ಮ ಮನೆಗೆ ಬಂದು ಚಹಾ ಕುಡಿದು ಹೇಳಿದರು: “ಮುತ್ಯಾ, ನಾ ಜಗಳಕ್ಕ ಬಂದಿಲ್ಲ. ಬರಬೇಕಾದ್ದಕ್ಕಿಂತ ಒಂದು ಚೀಲ ಕಡಿಮಿ ಬಂದದ. ನೀವು ಮಾತಾಡೀರಿ, ಇಡೀ ಕಣ ಕೇಳ್ಯಾದ.”

“ಖರೆ ಅದ. ನಿಂದು ಒಂದು ಚೀಲ ನನ್ನ ಮ್ಯಾಲ ಬಂತು. ಕೊಡ್ತೀನಿ,” ಎಂದರು ನಮ್ಮ ತಂದೆಯವರು.

ನನಗೆ ತಡೆಯಲಾಗಲಿಲ್ಲ. “ಅಪ್ಪಾ, ಬಾಯಿ ಬಿಟ್ರ ಎಲ್ಲೆರೆ ಚೀಲ ಕಡಿಮಿ ಆಗ್ತಾವೇನು?”

“ನಾ ಸುಮ್ಮ ಕುಂತು ಅಳದ್ರ ಹುಲುಸು ಆಗ್ತದಂತ ನಲವತ್ತು ವರ್ಷ ಊರು ನನ್ನ ಕರದದ. ಈಗ ಮಾತಾಡಿದ್ರ ಕಡಿಮಿ ಆಗಂಗಿಲ್ಲ ಅಂದ್ರ, ಆ ನಲವತ್ತು ವರ್ಷ ನಾ ಏನು ಮಾಡಿದಂಗಾತು?”

ಆದ್ದರಿಂದ ನಮ್ಮ ಮನೆಯ ತೊಗರಿಯಲ್ಲಿ ಒಂದು ಚೀಲ ತೆಗೆದು ಕಟ್ಟೆಯ ಮೇಲೆ ಇಡಲಾಯಿತು. ದುಂಡಮ್ಮ ತನ್ನದೊಂದು ಚೀಲ ಹೊರಿಸಿಕೊಂಡು ಬಂದು ಅದರ ಪಕ್ಕಕ್ಕೆ ಇಳಿಸಿದಳು. “ಇದು ನನ್ನ ಬಾಯಿ ಸಾಲ ದುಂಡವ್ವ, ನಿಂದಲ್ಲ,” ಎಂದು ನಮ್ಮ ತಂದೆಯವರು ಅದನ್ನು ಹಾಗೆಯೇ ವಾಪಸು ಹೊರಿಸಿದರು.

10. ಆದರೆ ಸಾಲ ತೀರಿಲ್ಲ. ಕಾರಣ, ಸಾಲದ ಕಾಳನ್ನು ಕೊಡುವವರೂ ಅಳೆಯುವಂತಿಲ್ಲ, ತೆಗೆದುಕೊಳ್ಳುವವರೂ ಅಳೆಯುವಂತಿಲ್ಲ. ಮೂರನೆಯವರು ಬಾಯಿ ಮುಚ್ಚಿ ಅಳೆಯಬೇಕು. ಆ ಮೂರನೆಯವರು ನಮ್ಮೂರಲ್ಲಿ ಸಿಗುತ್ತಿಲ್ಲ. ಮರೆಪ್ಪನನ್ನು ಕೇಳಿದರೆ, “ನನಗ ಸುಮ್ಮ ಕುಂಡ್ರಲಾಕ ಬರಂಗಿಲ್ಲಣ್ಣ, ಹುಟ್ಟು ಗುಣ,” ಎಂದ. ಲಲಿತಾಬಾಯಿಯವರು, “ನಾ ಬಾಯಿ ಮುಚ್ಚಿದ್ರ ಸಂಘ ಮುಚ್ತದ,” ಎಂದರು. ದುಂಡಮ್ಮನಂತೂ, “ಆ ಚೀಲ ಅಳೀಲಾಕ ನನ್ನ ಕೈ ಏಳಂಗಿಲ್ಲ,” ಎಂದು ಮುಖ ತಿರುವಿದಳು. ಊರಲ್ಲಿ ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಸೊಂಟ. ಎಲ್ಲರಿಗೂ ಈ ಚೀಲ ಕಟ್ಟೆಗೆ ಬಂದ ಮೇಲೆಯೇ ಹಿಡಿದಿದೆ. ಸುನೀಲಕುಮಾರರು ಪ್ರತಿ ರವಿವಾರ ಕಾರು ನಿಲ್ಲಿಸಿ ಚೀಲ ನೋಡಿ, ಚಹಾ ಕುಡಿದು ಹೋಗುತ್ತಾರೆ. ನಮ್ಮ ತಂದೆಯವರು ಅದೇ ಚೀಲಕ್ಕೆ ಬೆನ್ನು ಕೊಟ್ಟು ಬಿಸಿಲು ಕಾಯಿಸಿಕೊಳ್ಳುತ್ತಾರೆ.

ಮೇಲಿನ ಎಲ್ಲ ಕಾರಣಗಳಿಂದ ಈ ಕೆಳಗಿನಂತೆ ಕೋರಿದೆ:

ಅ) ಗುರುತು ಕೇಳುವ ಫೋನನ್ನು ಯುಗಾದಿ ಕಳೆದ ಮೇಲೆ ಮಾಡಬೇಕು. ಆಗ ನಮ್ಮ ತಂದೆಯವರಿಗೆ ಕೆಲಸವಿರುವುದಿಲ್ಲ. ತಾವು ಸಾಕೆಂದರೂ ಮಾತಾಡುತ್ತಾರೆ.

ಆ) ಅದಾಗದಿದ್ದಲ್ಲಿ, ಕಾಳು ಬೀಳುವ ಸದ್ದನ್ನು ಖಂಡೆಪ್ಪನವರ ಸಹಿ ಎಂದು ದಾಖಲಿಸಿಕೊಳ್ಳಬೇಕು.

ಇ) ಗುರುತಿನ ಪ್ರಶ್ನೆ ಬದಲಿಸಬೇಕು. ಉತ್ತರವನ್ನು ಈಗ ಇಡೀ ಕಮಲಾಪುರ ಬಲ್ಲದು.

ಈ) ಕಟ್ಟೆಯ ಮೇಲಿನ ಚೀಲವನ್ನು ಅಳೆದುಕೊಡಲು ತಮ್ಮ ಕಚೇರಿಯಿಂದ ಒಬ್ಬರನ್ನು ನಿಯೋಜಿಸಬೇಕು. ಪಿಟೀಲು ಹಚ್ಚಿಟ್ಟು, ಎಷ್ಟು ಹೊತ್ತಾದರೂ ಒಂದು ಮಾತೂ ಆಡದೆ ಕೂಡುವ ವಿಭಾಗ ತಮ್ಮಲ್ಲಿ ಇರುವುದು ನಮಗೆ ಅನುಭವದಿಂದ ಗೊತ್ತಿರುತ್ತದೆ. ಅಂಥ ಕೈ ಈ ಸೀಮೆಯಲ್ಲಿ ಬೇರೆ ಇಲ್ಲ.

ಮುಂದಿನ ವರ್ಷದ ಗಡುವಿನವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ರೇವಣ ತಂದೆ ಖಂಡೆಪ್ಪ
(ಈ ಸಲ ನಾನೇ)

ಲಗತ್ತುಗಳು:
1) ಸುಣ್ಣ ಬಳಿದ ಗೋಡೆಯ ಫೋಟೋ.
2) ಸುನೀಲಕುಮಾರರ ರಾಶಿಯ ತೊಗರಿ ಒಂದು ಹಿಡಿ, ಮಾತಾಡಿದ ಮೇಲಿನದು.
3) ದುಂಡಮ್ಮನ ತೊಗರಿ ಒಂದು ಹಿಡಿ. ಎರಡರಲ್ಲಿ ವ್ಯತ್ಯಾಸ ಕಂಡಲ್ಲಿ ತಿಳಿಸುವುದು.
4) ಹಂಡ್ಯಾನ ಗುರುತಿನ ಪುರಾವೆ: ಕೊರಳ ಗಂಟೆ ಮನೆಯಲ್ಲಿದೆ. ನಮ್ಮ ತಂದೆಯವರು ಕೊಡಲಿಲ್ಲ.

ವಿ.ಸೂ.: ಬರುವ ಸಿಬ್ಬಂದಿ ಫೋನು ತರಬಾರದು. ಚೀಲ ಅವರು ಬರುವ ತನಕ ಕಟ್ಟೆಯ ಮೇಲೆಯೇ ಇರುತ್ತದೆ. ಅಳತೆ ಮುಗಿದ ಮೇಲೆ ಊಟ ನಮ್ಮಲ್ಲೇ. ಊಟಕ್ಕೆ ಕುಳಿತಾಗ ಮಾತಾಡಲು ಅಡ್ಡಿಯಿಲ್ಲ.